ಹೆಗ್ಗಣಗಳಿಗೆ ಸೋತ ನಮ್ಮ ಮಾವನವರು

ಹೆಗ್ಗಣದ ಕೈಲಿ ಸೋತು ಕೆಲಸ ಕಳೆದುಕೊಂಡ ಗಂಡಸು ಬೆಂಗಳೂರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ನಾನು ದೂರ ಹುಡುಕಬೇಕಾಗಿಲ್ಲ. ಅವರು ಚಾಮರಾಜಪೇಟೆಯ ನಮ್ಮ ಮನೆಯ ಜಗಲಿಯ ಮೇಲೇ ಕೂತಿರುತ್ತಿದ್ದರು! ನನ್ನ ಗಂಡನ ತಂದೆ, ನಮ್ಮ ಮಾವನವರು. ಸೊಸೆಯಾದವಳು ಮಾವನ ಹೆಸರು ಹೇಳಬಾರದಂತೆ. ಮನೆತನದ ಪದ್ಧತಿಗಳಲ್ಲಿ ಇದೊಂದನ್ನು ಮಾತ್ರ ನಾನು ಬಹಳ ಸಂತೋಷದಿಂದ ಪಾಲಿಸಿಕೊಂಡು ಬಂದಿದ್ದೇನೆ.

ಈ ಹೆಗ್ಗಣದ ಕಥೆ ಶುರುವಾದಾಗ ಇಂಗ್ಲಿಷರು ದೇಶ ಬಿಟ್ಟು ಒಂದೆರಡು ವರ್ಷವಾಗಿತ್ತು. ಆದರೆ ಮಾವನವರ ಗಾಲ್ಫ್ ಕ್ಲಬ್ಬಿನ ಸೆಕ್ರೆಟರಿ ದೊರೆ ಇನ್ನೂ ಹೋಗಿರಲಿಲ್ಲ. ಅವರಿಗೆ ಯಾರೂ ವಿಷಯ ತಿಳಿಸಿರಲಿಲ್ಲವೋ ಏನೋ! ಆ ದೊರೆಯ ಕೈಕೆಳಗೆ ಹನ್ನೆರಡು ಜನ ಮಾಲಿಗಳನ್ನಿಟ್ಟುಕೊಂಡು ಮೈದಾನದ ಹುಲ್ಲು ನೋಡಿಕೊಳ್ಳುವುದು ಮಾವನವರ ಉದ್ಯೋಗ. ಬೆಂಗಳೂರಿನಲ್ಲಿ ಹಸುಗಳಿಗೆ ಹುಲ್ಲು ಸಿಗದೆ ಹಾಲಿನವಳು ದಿನಾ ಗೋಳಾಡುತ್ತಿದ್ದಳು. ಇಲ್ಲಿ ನೋಡಿದರೆ ಹುಲ್ಲಿಗೆ ನೀರು ಹಾಕಿ, ಬಾಚಿ, ಕತ್ತರಿಸಿ, ಯಾವ ಹಸುವೂ ಬಾಯಿ ಹಾಕದಂತೆ ಕಾವಲು ಕಾಯುವುದಕ್ಕೆ ಪಂಚೆಯ ಮೇಲೆ ಕರಿ ಕೋಟು ತೊಟ್ಟ ಒಬ್ಬ ದೊಡ್ಡ ಮನುಷ್ಯ!

ಗಾಲ್ಫ್ ಎಂದರೆ ಏನು ಎಂದು ನನಗೆ ವಿವರಿಸಿದವರೂ ಅವರೇ. ಮೈದಾನದಲ್ಲಿ ಹದಿನೆಂಟು ಗುಳಿಗಳು. ಒಂದೊಂದು ಗುಳಿಯ ಸುತ್ತಲೂ ನುಣ್ಣಗೆ ಕತ್ತರಿಸಿದ ಹುಲ್ಲು. ಅದಕ್ಕೆ ಗ್ರೀನ್ ಎಂದು ಹೆಸರು. ಕೋಲಿನಿಂದ ಚೆಂಡನ್ನು ಹೊಡೆದು ಹೊಡೆದು ಗುಳಿಗೆ ಬೀಳಿಸಬೇಕು. ಬಿದ್ದ ಮೇಲೆ ಎತ್ತಿಕೊಂಡು ಮುಂದಿನ ಗುಳಿಗೆ ಹೋಗಬೇಕು. ಅಷ್ಟೇ! ದೊಡ್ಡವರು ಮಾಡುವ ಕೆಲಸವೇ ಇದು? ಆದರೆ ಅದೇ ಮೈದಾನದಲ್ಲಿ ಹೆಗ್ಗಣಗಳೂ ಗುಳಿ ತೋಡುತ್ತಿದ್ದವು. ಕ್ಲಬ್ಬಿನ ಗುಳಿ ಹದಿನೆಂಟಕ್ಕೆ ನಿಂತಿತ್ತು, ಹೆಗ್ಗಣಗಳದು ನಿಂತಿರಲಿಲ್ಲ.

ಒಮ್ಮೆ ಒಬ್ಬ ರಿಟೈರಾದ ಕರ್ನಲ್ ಸಾಹೇಬರ ಚೆಂಡು ಹೆಗ್ಗಣದ ಬಿಲಕ್ಕೆ ಬಿತ್ತಂತೆ. ಗುಳಿ ಗುಳಿಯೇ, ಬಿದ್ದದ್ದು ಬಿದ್ದ ಹಾಗೆಯೇ ಎಂದು ಅವರ ವಾದ. ಅದು ಕ್ಲಬ್ಬಿನ ಗುಳಿಯಲ್ಲ, ಹೆಗ್ಗಣದ್ದು ಎಂದು ಎದುರಾಳಿಯ ವಾದ. ಕೊನೆಗೆ ಮಾವನವರನ್ನು ಕರೆಸಿದರು. ಮಾವನವರು ಬಿಲದ ಮುಂದೆ ಕುಕ್ಕರಗಾಲಲ್ಲಿ ಕೂತು, ಮೂಸಿ ನೋಡಿ, "ಹಳೇ ಬಿಲ ಸಾರ್. ಈಗಿಲ್ಲಿ ಯಾರೂ ವಾಸ ಇಲ್ಲ" ಎಂದರಂತೆ. ಹೆಗ್ಗಣ ಖಾಲಿ ಮಾಡಿ ಹೋದ ಮೇಲೆ ಗುಳಿ ಕ್ಲಬ್ಬಿಗೇ ಸೇರಿತು ಎಂದು ಕರ್ನಲ್ ಗೆದ್ದರು! ಇದನ್ನು ಮಾವನವರು ಊಟದ ಎಲೆಯ ಮುಂದೆ ಕೂತು ಜಂಬದಿಂದ ಹೇಳಿದ್ದರು. ಮೂಸಿದ ಮೂಗನ್ನು ತೊಳೆದುಕೊಂಡು ಬಂದಿದ್ದರೋ ಇಲ್ಲವೋ, ನನಗಂತೂ ಸಾರು ಸೇರಲಿಲ್ಲ.

ದೊರೆಯದು ಇನ್ನೊಂದು ಕಥೆ. ಅವರ ಊರಿನಲ್ಲಿ ಮೋಲ್ ಎಂಬ ಪ್ರಾಣಿ ಇದೆಯಂತೆ. ಅಂಗೈಯಗಲದ್ದು, ನೆಲದೊಳಗೇ ಸುರಂಗ ತೋಡಿಕೊಂಡು ಎರೆಹುಳು ತಿಂದುಕೊಂಡು ಇರುತ್ತದಂತೆ. ನಮ್ಮ ಹೆಗ್ಗಣವನ್ನು ಅವರು ಮೋಲ್ ಎಂದೇ ತೀರ್ಮಾನಿಸಿಬಿಟ್ಟಿದ್ದರು. ಮಾವನವರಿಗೆ ಬಾಯಿರಲಿಲ್ಲವೇ? ಹೇಳಬಾರದಿತ್ತೇ? "ದೊರೆ ಬಾಯಲ್ಲಿ ಬಂದ್ಮೇಲೆ ಅದು ಮೋಲೇ ಕಣಮ್ಮ" ಎಂದು ನನಗೇ ಪಾಠ ಹೇಳಿದರು. ದೊರೆ ಹಡಗಿನಲ್ಲಿ ಮೋಲ್ ಕಾಲಿಟ್ಟರೆ ಕಚ್ಚಿ ಹಿಡಿಯುವ ಕತ್ತರಿಗಳನ್ನು ತರಿಸಿದರು. ಪುಟ್ಟ ಪುಟ್ಟ ಉಕ್ಕಿನ ಕತ್ತರಿಗಳು, ಕಿವಿಯೋಲೆಯ ಪೆಟ್ಟಿಗೆಯಲ್ಲಿಡಬಹುದಾದಷ್ಟು ಚೆಂದ! ಬೆಳಿಗ್ಗೆ ಹೋಗಿ ನೋಡಿದರೆ ಕತ್ತರಿಯೇ ಇಲ್ಲ. ಬೆಕ್ಕಿನ ಗಾತ್ರದ ನಮ್ಮ ಹೆಗ್ಗಣ ಅದನ್ನು ಬಿಲದೊಳಕ್ಕೆ ಎಳೆದುಕೊಂಡು ಹೋಗಿತ್ತು. ಮೂರು ವಾರದಲ್ಲಿ ಇಂಗ್ಲೆಂಡಿನ ಅಷ್ಟೂ ಕತ್ತರಿಗಳು ನೆಲದೊಳಕ್ಕೆ ಸೇರಿದವು.

ಆಮೇಲೆ ಮಾವನವರು ತಮ್ಮ ದಾರಿ ಹಿಡಿದರು. ಹಿಟ್ಟಿಗೆ ಬೆಲ್ಲ, ಕೊಬ್ಬರಿ, ಪಾಷಾಣ ಬೆರೆಸಿ ಉಂಡೆ ಕಟ್ಟಿ ಬಿಲದ ಬಾಯಿಗೆ ಇಡುವುದು. ಸತ್ಯ ಹೇಳಬೇಕೆಂದರೆ ಇದರಲ್ಲಿ ಅವರು ನಿಪುಣರು. ಐದಾರು ವರ್ಷ ಗ್ರೀನುಗಳು ಗಾಜಿನ ಹಾಗೆ ಇದ್ದವು, ದೊರೆ ಬೆನ್ನು ತಟ್ಟಿದರು. ಕೊಬ್ಬರಿ ನಮ್ಮ ಅಡುಗೆಮನೆಯಿಂದ ಹೋಗುತ್ತಿತ್ತು ಎಂಬುದೊಂದೇ ನಮ್ಮ ಅತ್ತೆಯವರ ತಕರಾರು. "ಗಣಪತಿಗೇ ಇಲ್ದಿರೋ ಕೊಬ್ಬರಿ ಅವನ ವಾಹನಕ್ಕೆ ಕೊಡ್ತೀರಲ್ಲ, ಅದೂ ವಿಷ ಹಾಕಿ!" ಎಂದು ಗೊಣಗುತ್ತಿದ್ದರು. ಮಾವನವರು ಕೋಟಿನ ಜೇಬು ತುಂಬಿಕೊಂಡು ಹೊರಟುಬಿಡುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುವ ಅಗತ್ಯವೇ ಇರಲಿಲ್ಲ. ಒಂದು ಆಷಾಢದಲ್ಲಿ, ಯಾವ ಕಾರಣವೂ ಹೇಳದೆ, ಮಾವನವರು ಪಾಷಾಣದ ಡಬ್ಬಿಯನ್ನು ಕ್ಲಬ್ಬಿನ ಬೀರುವಿನಲ್ಲಿಟ್ಟು ಬೀಗ ಹಾಕಿಬಿಟ್ಟರು! ಒಂದು ತಿಂಗಳೊಳಗೆ ಹೆಗ್ಗಣಗಳು ನೆಂಟರಿಷ್ಟರ ಸಮೇತ ವಾಪಸು ಬಂದವು. ಏಳನೇ ಗ್ರೀನ್ ಅಂತೂ ಉತ್ತ ಹೊಲವೇ ಆಯಿತು.

ಮೊದಲು ಹೊಗೆಯ ಪ್ರಯೋಗ. ನಮ್ಮ ಬೀದಿಯ ಕುಲುಮೆಯಿಂದ ತಿದಿಯನ್ನು ಕೇಳಿ ತೆಗೆದುಕೊಂಡು ಹೋಗಿ, ಬಿಲದ ಬಾಯಲ್ಲಿ ಬೆರಣಿ, ಒಣಮೆಣಸಿನಕಾಯಿ ಸುಟ್ಟು ಊದಿಸಿದರು. ಹೊಗೆ ಒಳಗೆ ಹೋಯಿತು. ಎಲ್ಲಿ ಹೊರಗೆ ಬಂತು ಗೊತ್ತೇ? ಮೇಮ್ ಸಾಹೇಬರು ಚಹಾ ಕುಡಿಯುವ ವರಾಂಡದ ಮೆಟ್ಟಿಲ ಸಂದಿಯಲ್ಲಿ! ಹೆಗ್ಗಣವೊಂದೂ ಕೆಮ್ಮಲಿಲ್ಲ. ಕೆಮ್ಮಿದವರು ಬೇರೆ.

ಆಮೇಲೆ ಬೋನು. ಮರದ ದೊಡ್ಡ ಬೋನಿನಲ್ಲಿ ಹೆಗ್ಗಣವನ್ನು ಜೀವಂತ ಹಿಡಿದು, ಬುಟ್ಟಿಯಲ್ಲಿ ಮುಚ್ಚಿಕೊಂಡು, ಸಿಟಿ ಬಸ್ಸಿನಲ್ಲಿ ಕೂರಿಸಿಕೊಂಡು ಬಂದು ಬಸವನಗುಡಿಯ ಬಂಡೆಗಳ ಹತ್ತಿರ ಬಿಡುವುದು! ಒಂದು ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ನಾನಾಗ ಬಸುರಿ, ಮೂರನೆಯ ಸಲ. ಮೊದಲೆರಡು ನಿಲ್ಲಲಿಲ್ಲ, ಆ ಮಾತು ಈಗ ಬೇಡ. ತವರಿಗೆ ಹೊರಟವಳು ಹೆಂಗಸರ ಸೀಟಿನಲ್ಲಿ ಕೂತಿದ್ದೆ. ಹಿಂದುಗಡೆ ಬುಟ್ಟಿ ಕರಕರ ಸದ್ದು ಮಾಡಿತು.

"ಏನ್ ಸ್ವಾಮಿ ಅದು ಬುಟ್ಟೀಲಿ?" ಕಂಡಕ್ಟರ್ ಕೇಳಿದ.

"ನಮ್ಮ ಆಫೀಸ್ನೋರು" ಎಂದರು ಮಾವನವರು, ಒಂದು ಚೂರೂ ನಗದೆ.

"ಹಂಗಾದ್ರೆ ಅವ್ರಿಗೂ ಒಂದು ಟಿಕೆಟ್ ತಗೊಳ್ಳಿ!"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಈ ಮನುಷ್ಯನಿಗೂ ನನಗೂ ಯಾವ ಸಂಬಂಧವೂ ಇಲ್ಲವೆಂಬಂತೆ ಕಿಟಕಿಯಾಚೆ ನೋಡಿದೆ. ಇಳಿಯುವಾಗ ಅವರು "ಹುಷಾರಮ್ಮ, ನಿಧಾನ ಇಳಿ" ಎಂದು ಎಲ್ಲರಿಗೂ ಕೇಳಿಸುವಂತೆ ಕೂಗಿದ್ದರಿಂದ ಅದೂ ವ್ಯರ್ಥವಾಯಿತು.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಬಸವನಗುಡಿಯ ಬಂಡೆಗಳ ಪಕ್ಕದ ಬೀದಿಯಲ್ಲೇ ನನ್ನ ತವರುಮನೆ! ಹದಿನೈದು ದಿನದಲ್ಲಿ ನಮ್ಮಪ್ಪ ಹಿತ್ತಲಲ್ಲಿ ಹಾಕಿದ್ದ ಗೆಣಸಿನ ಮಡಿಯಲ್ಲಿ ಒಂದು ಗೆಡ್ಡೆ ಉಳಿಯಲಿಲ್ಲ. "ಏನಮ್ಮ, ನಿಮ್ಮ ಮಾವನೋರು ಕ್ಲಬ್ಬಿನ ಮೆಂಬರುಗಳನ್ನೆಲ್ಲ ನಮ್ಮನೆಗೇ ಕಳಿಸ್ತಿದಾರಂತೆ?" ಎಂದು ನಮ್ಮಪ್ಪ ಕೇಳಿದಾಗ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಹಿತ್ತಲಲ್ಲಿ ನೆಲ ಬಿರಿದೇ ಇತ್ತು ಅನ್ನಿ.

ಕಾರ್ತಿಕದಲ್ಲಿ ಕಪ್ ಮ್ಯಾಚು. ಹೊರ ಊರಿನ ಸಾಹೇಬರುಗಳೆಲ್ಲ ಬರುವವರು. ದೊರೆ ಮಾವನವರನ್ನು ಕರೆದು ಖಂಡಿತವಾಗಿ ಹೇಳಿಬಿಟ್ಟರು. ಭಾನುವಾರದೊಳಗೆ ಏಳನೇ ಗ್ರೀನಿನಲ್ಲಿ ಒಂದು ಬಿಲವೂ ಇರಕೂಡದು, ಇದ್ದರೆ ಸೋಮವಾರದಿಂದ ಕೆಲಸಕ್ಕೆ ಬರಬೇಕಾಗಿಲ್ಲ. ನನ್ನ ಗಂಡನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮನೆ ನಡೆಯುತ್ತಿದ್ದದ್ದೇ ಮಾವನವರ ಸಂಬಳದಲ್ಲಿ. ಬೀರುವಿನಲ್ಲಿ ಪಾಷಾಣ ಇದೆ, ಬೀಗದ ಕೈ ಜೇಬಿನಲ್ಲಿದೆ, ನಾಲ್ಕು ಉಂಡೆ ಇಟ್ಟರೆ ಮುಗಿಯಿತು. ಇಷ್ಟು ಸುಲಭದ ಕೆಲಸ ಮಾಡಲು ಈ ಮನುಷ್ಯನಿಗೆ ಏನು ಬಂದಿತ್ತು ರೋಗ?

"ಅಪ್ಪ, ಒಂದೇ ಒಂದು ಸಲ ಉಂಡೆ ಇಟ್ಬಿಡಿ" ಎಂದು ನನ್ನ ಗಂಡ ಬೇಡಿಕೊಂಡರು.

"ಸಂಕ್ರಾಂತಿ ಕಳೀಲಿ, ಆಮೇಲೆ ನೋಡೋಣ."

"ಸಂಕ್ರಾಂತಿವರೆಗೂ ಹೆಗ್ಗಣಗಳಿಗೇನು ರಜವೇ?" ನಾನು ಬಾಗಿಲ ಹಿಂದಿನಿಂದಲೇ ಕುಟುಕಿದೆ. "ಕೈಲಾಗಲ್ಲ ಅಂದ್ರೆ ಹೇಳ್ಬಿಡಿ ಮಾವ. ಹೆಗ್ಗಣಕ್ಕೆ ಹೆದರ್ಕೊಂಡೋರು ಅಂತ ನಾವೂ ತಿಳ್ಕೋತೀವಿ."

ಮಾವನವರು ನನ್ನ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದು, "ನೀನು ಊಟ ಮಾಡಿದ್ಯೇನಮ್ಮ?" ಎಂದರು. ನೋಡಿ, ಮನೆ ಬೀದಿಗೆ ಬರುವ ಹೊತ್ತಿನಲ್ಲಿ ಕೇಳುವ ಪ್ರಶ್ನೆಯೇ ಇದು?

ಶನಿವಾರವೆಲ್ಲ ಮಾಲಿಗಳ ಜೊತೆ ತಾವೂ ಮಂಡಿಯೂರಿ ಬಿಲಗಳಿಗೆ ಮಣ್ಣು ತುಂಬಿ, ಮೇಲೆ ಬೇರು ಸಮೇತ ಕಿತ್ತ ಹುಲ್ಲು ಹಾಸಿದರಂತೆ. ಭಾನುವಾರ ಗಣ್ಯ ಅತಿಥಿಗಳೊಬ್ಬರು ಏಳನೇ ಗ್ರೀನಿನಲ್ಲಿ ಚೆಂಡನ್ನು ಮೆಲ್ಲಗೆ ತಟ್ಟಿದರು. ಚೆಂಡು ಗುಳಿಯ ಕಡೆ ಉರುಳಿತು. ಇನ್ನೊಂದು ಗೇಣಿದೆ ಅನ್ನುವಾಗ ಹುಲ್ಲು ಮೇಲೆದ್ದಿತು, ಮಣ್ಣು ಚಿಮ್ಮಿತು, ಒಂದು ಹೆಗ್ಗಣ ತಲೆ ಹೊರಗೆ ಹಾಕಿ ಅತಿಥಿಗಳ ಮುಖವನ್ನೇ ನೋಡಿತು. ಚೆಂಡು ಅದರ ಪಕ್ಕದಲ್ಲೇ ಬಿಲಕ್ಕೆ ಇಳಿಯಿತು!

ಸೋಮವಾರ ಮಾವನವರು ಮಾಮೂಲಿನಂತೆ ಕೋಟು ತೊಟ್ಟು ಹೋದರು, ಹನ್ನೊಂದು ಗಂಟೆಗೆಲ್ಲ ವಾಪಸು ಬಂದರು. ಇಪ್ಪತ್ತೆರಡು ವರ್ಷದ ಕೆಲಸ ಮುಗಿದಿತ್ತು. ಅತ್ತೆಯವರು ಕಾಫಿ ತಂದುಕೊಟ್ಟರು. ನಾನು ಮಾತ್ರ ಸುಮ್ಮನಿರಲಿಲ್ಲ. ಬಂದವರಿಗೆಲ್ಲ ಈ ಕಥೆ ಹೇಳಿದೆ, ಉಪ್ಪು ಖಾರ ಹಚ್ಚಿ ಹೇಳಿದೆ. ಮಾವನವರು ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಸಂಕ್ರಾಂತಿಗೆ ಎರಡು ದಿನ ಮುಂಚೆ ತವರಿನಲ್ಲಿ ನನಗೆ ಹೆಣ್ಣುಮಗು ಹುಟ್ಟಿತು. ನಾಮಕರಣದ ದಿನ ಬಾಣಂತಿ ಕೋಣೆಯಲ್ಲಿ ನೆಂಟರ ಹೆಂಗಸರೆಲ್ಲ ಸೇರಿದ್ದರು. ನಾನು ಬಸ್ಸಿನ ಕಥೆ, ಹೊಗೆಯ ಕಥೆ, ಕಪ್ಪಿನ ಕಥೆ ಎಲ್ಲ ಹೇಳಿ ನಗಿಸಿದೆ. ನಡುಮನೆಯಲ್ಲಿದ್ದ ಗಂಡಸರೂ ನಕ್ಕದ್ದು ಕೇಳಿಸಿತು. ಎಲೆ ಹಾಕಿದರೆಂದು ಎಲ್ಲರೂ ಎದ್ದು ಹೋದರು. ಅತ್ತೆಯವರು ತೊಟ್ಟಿಲ ಹತ್ತಿರವೇ ಕೂತಿದ್ದರು.

"ನಗಿಸಿದ್ದಾಯ್ತಾ?" ಎಂದರು. ದನಿಯಲ್ಲಿ ಕೋಪವಿರಲಿಲ್ಲ. "ಹೇಳ್ಬೇಡ ಅಂದಿದ್ರು, ಇವತ್ತು ಹೇಳ್ತೀನಿ. ನೀನು ಬಸುರಿ ಅಂತ ನಾನು ಹೇಳಿದ ದಿನಾನೇ ಅವರು ಆ ಡಬ್ಬಿಗೆ ಬೀಗ ಹಾಕಿದ್ದು. ಮನೇಲಿ ಬಸುರಿ ಇರೋವಾಗ ಜೀವ ತೆಗೀಬಾರ್ದು ಅಂತಾರಲ್ಲ. 'ಹಿಂದಿನ ಎರಡು ಸಲಾನೂ ನಾನು ವಿಷ ಇಡ್ತಾನೇ ಇದ್ದೆ ಕಣೇ, ಅದಕ್ಕೇ ಆ ಮಕ್ಕಳು ಉಳೀಲಿಲ್ಲ' ಅಂತ ಅಷ್ಟು ದೊಡ್ಡ ಗಂಡಸು ಅತ್ತುಬಿಟ್ರು. ಸೊಸೆಗೆ ಹೇಳ್ಬೇಡ, ಕೆಲಸ ಹೋದ್ರೆ ತನ್ನಿಂದ ಹೋಯ್ತು ಅಂತ ಕೊರಗ್ತಾಳೆ, ಬಸುರಿ ಹೆಂಗಸು ಕೊರಗಬಾರ್ದು ಅಂದ್ರು."

ಮಕ್ಕಳು ಉಳಿಯದೆ ಹೋದದ್ದಕ್ಕೂ ಹೆಗ್ಗಣಗಳಿಗೂ ಸಂಬಂಧವಿದೆಯೆಂದು ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಆ ಎರಡು ಮಕ್ಕಳಿಗಾಗಿ ನನ್ನ ಜೊತೆ ಇನ್ನೊಬ್ಬರು ಅತ್ತಿದ್ದರು, ನನಗೆ ಗೊತ್ತಿರಲಿಲ್ಲ.

ಮಗುವನ್ನು ಎತ್ತಿಕೊಂಡು ಬಾಗಿಲ ತನಕ ಬಂದು, ನಡುಮನೆಯಲ್ಲಿ ಇನ್ನೂ ಕೂತಿದ್ದ ಮಾವನವರನ್ನು ಕರೆದೆ. "ಮಾವ, ಸ್ವಲ್ಪ ಬನ್ನಿ." ಅವರು ಬಂದು ಹೊಸ್ತಿಲಾಚೆಯೇ ನಿಂತರು. ಮಗುವನ್ನು ಮುಂದೆ ಹಿಡಿದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡಮ್ಮ. ದೂರದಿಂದ್ಲೇ ನೋಡಿದೀನಿ. ಎಷ್ಟು ವರ್ಷ ಪಾಷಾಣ ಕಲಸಿದ ಕೈ ಇದು."

"ತಗೊಳ್ಳಿ ಮಾವ" ಎಂದೆ. ಅವರು ಕೈ ಮುಂದೆ ತರಲೇ ಇಲ್ಲ. ನಾನು ಮಗುವನ್ನು ಅತ್ತೆಯವರ ಕೈಗೆ ಕೊಟ್ಟು, ಚೆಂಬಿನಲ್ಲಿ ನೀರು ತಂದು, ಮಾವನವರ ಕೈಗಳನ್ನು ಹಿಡಿದೆಳೆದು, ನಾನೇ ತೊಳೆದು ನನ್ನ ಸೆರಗಿನಲ್ಲಿ ಒರೆಸಿದೆ. ಆಮೇಲೆ ಅವರು ಮಗುವನ್ನು ಎತ್ತಿಕೊಂಡರು.