ಮಾಗಡಿ ನಿಲ್ದಾಣದ ಚಾವಣಿ

ಮಾಗಡಿಗೆ ರೈಲು ಇಲ್ಲ. ಆದ್ದರಿಂದ ಅಲ್ಲಿ ರೈಲು ನಿರೀಕ್ಷಣಾ ಕಚೇರಿ ಇದೆ. ರೈಲು ಬಂದರೆ ಊರು ಹೇಗಿರುತ್ತದೆ ಎಂಬುದನ್ನು ನಾಗರಿಕರಿಗೆ ಮನವರಿಕೆ ಮಾಡಿಕೊಡುವುದು ಈ ಕಚೇರಿಯ ಕರ್ತವ್ಯ. ಅದಕ್ಕಾಗಿ ಪ್ಲಾಸ್ಟಿಕ್ ಬಿಡಿಭಾಗಗಳ ಪುಟ್ಟ ನಿಲ್ದಾಣವೊಂದನ್ನು ತರಿಸಲಾಯಿತು. ಜೋಡಿಸಿದರೆ ಊಟದ ಎಲೆಯಷ್ಟು ಅಗಲ.

ಜೋಡಿಸುವ ಹೊಣೆ ಅಂಟು ಶಾಖೆಯ ಗುಮಾಸ್ತ ಚಲುವಯ್ಯನದು. ಅವನ ಹೆಂಡತಿ ಅಂಕಮ್ಮ ರಾಮನಗರದ ರೇಷ್ಮೆ ಮಾರುಕಟ್ಟೆಯ ಪಕ್ಕ ಕ್ಯಾಂಟೀನು ನಡೆಸುತ್ತಿದ್ದಳು. ಅವನು ಮಾಗಡಿಯ ಬಾಡಿಗೆ ಕೋಣೆಯಲ್ಲಿ ಅನ್ನ ಸೀಯಿಸಿಕೊಂಡು ತಿನ್ನುತ್ತಿದ್ದ. ಮುಖ್ಯಾಧಿಕಾರಿ ದೊಡ್ಡಹನುಮಯ್ಯನವರು ಮಾತು ಕೊಟ್ಟಿದ್ದರು: "ಜಿಲ್ಲಾ ಸಾಹೇಬರು ನೋಡೋಕೆ ಬರೋ ಹೊತ್ತಿಗೆ ನಿಲ್ದಾಣ ನೆಟ್ಟಗೆ ನಿಂತಿರಲಿ ಚಲುವಯ್ಯ. ಅವತ್ತೇ ನಿನ್ನ ರಾಮನಗರದ ವರ್ಗಾವಣೆಗೆ ಸೈನು ಹಾಕ್ತೀನಿ."

ನಿಯಮದಂತೆ ಭಾಗಗಳು ಮೊದಲು ಬಣ್ಣದ ಶಾಖೆಗೆ ಹೋದವು. ಶಾಖೆಯ ಮುಖ್ಯಸ್ಥೆ ಶಿವಲಿಂಗಮ್ಮನವರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಒಳಗೆ, ಹೊರಗೆ, ಅಂಚಿಗೆ, ಕೊನೆಗೆ ಕಂಬ ಕೂರುವ ತೂತಿಗೂ ಇಟ್ಟಿಗೆ ಬಣ್ಣ ಬಳಿಸಿದರು. ಚಲುವಯ್ಯ ಅಂಟು ಹಾಕಿ ಚಾವಣಿ ಕೂರಿಸಿದ. ಬೆಳಿಗ್ಗೆ ಬಂದು ನೋಡಿದರೆ ಚಾವಣಿ ಕೆಳಗಿತ್ತು. ಅಂಟು ಬಣ್ಣವನ್ನು ಹಿಡಿದಿತ್ತು, ಬಣ್ಣ ಪ್ಲಾಸ್ಟಿಕ್ಕನ್ನು ಬಿಟ್ಟಿತ್ತು. ಪೆಟ್ಟಿಗೆಯಲ್ಲಿ ಉಳಿದಿದ್ದ, ಬಣ್ಣ ಕಾಣದ ಎರಡು ಚೂರುಗಳನ್ನು ಅಂಟಿಸಿ ನೋಡಿದ. ಅವು ಎಳೆದರೂ ಬಿಡಲಿಲ್ಲ.

ಬ್ಲೇಡು ಹಿಡಿದು ಶಿವಲಿಂಗಮ್ಮನವರ ಮೇಜಿನ ಮುಂದೆ ನಿಂತ.

"ಮೇಡಂ, ಅಂಟು ಹಾಕೋ ಜಾಗದಲ್ಲಿ ಮಾತ್ರ ಒಸಿ ಬಣ್ಣ ಕೆರ್‍ಕೊಳ್ಳಲಾ?"

"ಏನ್ರೀ ಚಲುವಯ್ಯ, ನನ್ನ ಶಾಖೆಯ ಬಣ್ಣ ನಿಮಗೆ ಕಜ್ಜಿ ಥರ ಕಾಣುತ್ತಾ?"

"ಇಲ್ಲ ಮೇಡಂ. ಬಣ್ಣ ಬಾಳ ಚೆನ್ನಾಗೈತೆ. ಅದಕ್ಕೇ ಅಂಟು ಕೂರ್ತಿಲ್ಲ."

ಮಾರನೆಯ ದಿನ ಸುತ್ತೋಲೆ ಹೊರಟಿತು: "ಅಂಟಿನ ಜಾಗದ ಬಣ್ಣ ಕೆರೆಯಲು ಅನುಮತಿಸಲಾಗಿದೆ. ಕೆರೆದ ಜಾಗ ಬರಿದಾಗಿ ಕಾಣುವುದು ಕಚೇರಿಗೆ ಶೋಭೆಯಲ್ಲವಾದ್ದರಿಂದ, ಅಂಟು ಹಚ್ಚುವ ಮುನ್ನ ಮಾಗಡಿಯ ಬಣ್ಣದ ಶಾಖೆಯಲ್ಲಿಯೇ ಅಲ್ಲಿಗೆ ಮರಳಿ ಬಣ್ಣ ಬಳಿಸತಕ್ಕದ್ದು."

ಚಲುವಯ್ಯ ಕೆರೆದ. ಬಣ್ಣದ ಶಾಖೆ ಬಳಿಯಿತು. ಅವನು ಮತ್ತೆ ಕೆರೆದ, ಅವರು ಮತ್ತೆ ಬಳಿದರು. ಎರಡೂ ಶಾಖೆಗಳ ಪ್ರಗತಿ ತೃಪ್ತಿಕರವೆಂದು ವರದಿಯಾಯಿತು.

ಸಾಹೇಬರು ಬಂದ ದಿನ ಜೀಪಿನ ಸದ್ದಿಗೇ ಚಾವಣಿ ಜಾರಿತು. ಚಲುವಯ್ಯ ಎರಡೂ ಹೆಬ್ಬೆಟ್ಟು ಕೊಟ್ಟು ಹಿಡಿದ.

"ಇವರು ಯಾರು?" ಎಂದರು ಸಾಹೇಬರು.

"ಕಂಬ ಸರ್," ಎಂದರು ದೊಡ್ಡಹನುಮಯ್ಯನವರು. "ಚಾವಣಿಗೆ."

ಸಾಹೇಬರು ಚಲುವಯ್ಯನ ತೋಳನ್ನು ತಟ್ಟಿ ನೋಡಿದರು. "ಗಟ್ಟಿಯಾಗಿದೆ. ಇದನ್ನ ಜಿಲ್ಲಾ ಕಚೇರೀಲಿ ಇಡ್ಸಿ. ನಾಲ್ಕು ಜನ ನೋಡಲಿ."

ದೊಡ್ಡಹನುಮಯ್ಯನವರು ಮಾತಿಗೆ ತಪ್ಪುವವರಲ್ಲ. ಅಂದೇ ಆದೇಶಕ್ಕೆ ಸೈನು ಹಾಕಿದರು: ಮಾದರಿ ನಿಲ್ದಾಣ, ಕಂಬ ಸಹಿತ, ರಾಮನಗರಕ್ಕೆ.

"ಸರ್, ನನ್ನ ವರ್ಗಾವಣೆ?"

"ಅದೇ ಕಣಯ್ಯ ಇದು. ಬೇರೆ ಬೇರೆ ಬರೆದ್ರೆ ನಿಲ್ದಾಣ ಒಂದು ದಿಕ್ಕು, ನೀನೊಂದು ದಿಕ್ಕು ಆಗ್ತೀಯ."

ಹೊರಡುವ ಮುನ್ನ ಶಿವಲಿಂಗಮ್ಮನವರು ಬಂದು ಪರಿಶೀಲಿಸಿದರು. ಹೊಸ ಕಂಬ ಉಳಿದ ಕಂಬಗಳಿಗೆ ಹೊಂದುತ್ತಿರಲಿಲ್ಲ. ಹೆಬ್ಬೆಟ್ಟುಗಳಿಗೂ ಇಟ್ಟಿಗೆ ಬಣ್ಣ ಬಳಿಸಿದರು, ಉಗುರಿನ ಸಂದಿಯನ್ನೂ ಬಿಡದೆ. ಬಸ್ಸಿನ ಕಂಡಕ್ಟರು ಆದೇಶ ಓದಿ, ಲಗೇಜು ಟಿಕೆಟ್ಟು ಹರಿದು, ಚಲುವಯ್ಯನ ಜೇಬಿಗೆ ತಾನೇ ಸಿಕ್ಕಿಸಿದ.

ಈಗ ಜಿಲ್ಲಾ ಕಚೇರಿಯ ಪಡಸಾಲೆಯಲ್ಲಿ ಫಲಕವಿದೆ: "ಕಂಬಕ್ಕೆ ತಿನಿಸು ನೀಡಬಾರದು. ಪತ್ನಿಯರಿಗೆ ವಿನಾಯಿತಿ ಇದೆ." ಮಧ್ಯಾಹ್ನ ಅಂಕಮ್ಮ ಕ್ಯಾಂಟೀನಿನ ಬಾಗಿಲು ಎಳೆದುಕೊಂಡು ಬರುತ್ತಾಳೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಗಂಡನ ಬಾಯಿಗಿಡುತ್ತಾಳೆ.

"ಅಂತೂ ಒಂದೇ ಊರಿಗೆ ಬಂದ್ಬುಟ್ರಿ," ಎಂದಳು ಮೊದಲ ದಿನ.

"ಹೂಂ. ಹೆಬ್ಬೆಟ್ಟು ನವೆ ಆಯ್ತೈತೆ ಕಣೇ."

"ಒಸಿ ಕೆರೆದ್ಬುಡ್ಲಾ?"

"ಬ್ಯಾಡ. ಕೆರುದ್ರೆ ಬಣ್ಣ ಬಳಿಸ್ಕೊಳ್ಳೋಕೆ ಮತ್ತೆ ಮಾಗಡಿಗೆ ಹೋಗ್ಬೇಕಾಯ್ತದೆ."

ಅಂಕಮ್ಮ ಚಾಚಿದ್ದ ಉಗುರನ್ನು ಹಿಂದಕ್ಕೆಳೆದುಕೊಂಡು ಇನ್ನೊಂದು ತುತ್ತು ಮುರಿದಳು.