ಹೊಗೆ ಕಂಡರೆ ಊರು ಬಿಡುವ ಮಾವ

ನನ್ನ ಸೋದರಮಾವ ಅಮೆರಿಕವನ್ನು ಕಂಡುಹಿಡಿದದ್ದು ಜೆ.ಪಿ. ನಗರದಲ್ಲಿ. ನಗಬೇಡಿ! ಹಡಗು ಹತ್ತಿ ಹೋದವರಿಗೆ ಸಿಕ್ಕ ಅಮೆರಿಕ ಬೇರೆ. ಮಾವನ ಅಮೆರಿಕ ಪುಟ್ಟೇನಹಳ್ಳಿ ಕೆರೆಯ ಹತ್ತಿರ, ನಲವತ್ತು ಅರವತ್ತರ ಒಂದು ಸೈಟಿನಲ್ಲಿತ್ತು. ಸುತ್ತ ರಾಗಿ ಹೊಲ, ಲಂಟಾನ ಪೊದೆ, ನಡುನಡುವೆ ಸೈಟಿನ ಗಡಿ ಕಲ್ಲುಗಳು. ಬಸ್ಸು ಜಯನಗರದಲ್ಲೇ ಕೈಮುಗಿದು ನಿಂತುಬಿಡುತ್ತಿತ್ತು. ಅಲ್ಲಿಂದಾಚೆಗೆ ನಮ್ಮ ಕಾಲೇ ನಮಗೆ ಗತಿ.

ಆಗ ಎಪ್ಪತ್ತರ ದಶಕದ ಕೊನೆ. ನಾನು ಕಾಲೇಜು ಓದಲೆಂದು ಮಾವನ ಮನೆಯಲ್ಲಿದ್ದೆ. ಹಾಗಾಗಿ ಈಗ ಹೇಳುವುದಕ್ಕೆಲ್ಲ ನಾನೇ ಸಾಕ್ಷಿ. ಆದರೆ ಸಾಕ್ಷಿಯನ್ನು ಪೂರ್ತಿ ನಂಬಬೇಡಿ. ಇದನ್ನು ಎಷ್ಟು ಮದುವೆಮನೆಗಳಲ್ಲಿ ಹೇಳಿದ್ದೇನೆಂದರೆ, ನಡೆದದ್ದು ಯಾವುದು, ಜನ ನಕ್ಕರೆಂದು ನಾನು ಉಳಿಸಿಕೊಂಡದ್ದು ಯಾವುದು ಎಂದು ಈಗ ನನಗೇ ತಿಳಿಯುವುದಿಲ್ಲ. ಕೊನೆಯಲ್ಲಿ ಬರುವ ಹೊಗೆಯ ಬಗ್ಗೆಯಂತೂ ನಮ್ಮ ಬಂಧುಗಳಲ್ಲಿ ಎರಡು ಪಕ್ಷ. "ಅದು ಹೊಗೆಯಲ್ಲ, ಮಂಜು" ಎಂದು ಆಣೆ ಇಟ್ಟು ಹೇಳುವವರು ಇಂದಿಗೂ ಇದ್ದಾರೆ. ಇರಲಿ, ಅಲ್ಲಿಗೆ ಬರೋಣ.

ಎಲ್ಲಕ್ಕೂ ಮೂಲ, ಗಾಂಧಿ ಬಜಾರಿನ ಬಾಡಿಗೆ ಲೈಬ್ರರಿಯಿಂದ ಮಾವ ತಂದ ಒಂದು ಹಳೇ ಪುಸ್ತಕ. ರಟ್ಟಿಲ್ಲ, ಮೊದಲ ಪುಟಗಳಿಲ್ಲ, ಆದ್ದರಿಂದ ಹೆಸರೂ ಇಲ್ಲ. ಒಳಗಿದ್ದದ್ದು ಬಹಳ ಹಿಂದೆ ಅಮೆರಿಕದ ಕಾಡಿಗೆ ಎತ್ತಿನ ಗಾಡಿಯಲ್ಲಿ ಸಂಸಾರ ಹೇರಿಕೊಂಡು ಹೋದ ಒಬ್ಬನ ಚರಿತ್ರೆ. ಹೆಂಡತಿ, ಏಳು ಮಕ್ಕಳು, ಒಂದು ಹಸು. ಅವನು ತಾನೇ ಮರ ಕಡಿದು ಮನೆ ಕಟ್ಟಿದ, ತಾನೇ ಜೋಳ ಬೆಳೆದ, ಬಾಗಿಲಿಗೆ ಬಂದ ಕರಡಿಯನ್ನು ತಾನೇ ಹೊಡೆದ. ಇನ್ಷೂರೆನ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಮಾವ ಅಲ್ಲಿಯವರೆಗೆ ತಾವೇ ಮಾಡಿದ್ದೆಂದರೆ ಸಹಿ ಒಂದೇ! ಪುಸ್ತಕ ತಲೆಗೇರಿತು. ಸೈಟಿಗೆ ಅರ್ಜಿ ಹಾಕಿದರು, ಮನೆ ಕಟ್ಟಿಸಿದರು, ನಾವಿದ್ದ ಬಸವನಗುಡಿಯ ವಠಾರಕ್ಕೆ ಒಂದು ದಿನ ಲಾರಿ ತಂದು ನಿಲ್ಲಿಸಿದರು.

ಅತ್ತೆ ಆಟೋ ತರಲು ಹೇಳಿದರು. ಮಾವ ಒಪ್ಪಲಿಲ್ಲ.

"ಅವನ ಹೆಂಡ್ತಿ ಗಾಡೀಲೇ ಕೂತ್ಕೊಂಡು ಹೋದ್ಲು ಕಣೆ."

"ಅವಳಿಗೆ ಆಟೋ ಸಿಕ್ಕಿರ್ಲಿಲ್ಲ ಅಷ್ಟೆ!"

ಹಾಗೆನ್ನುತ್ತಲೇ ಅತ್ತೆ ಲಾರಿ ಹತ್ತಿದರು. ಸುತ್ತಿದ ಹಾಸಿಗೆಯ ಮೇಲೆ ಕುಳಿತು, ತೊಡೆಯ ಮೇಲೆ ದೇವರ ಪಟ, ಕಾಲ ಬಳಿ ಒರಳು ಕಲ್ಲು. ವಠಾರದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಕೈ ಬೀಸಿದರು. ಅತ್ತೆ ಅತ್ತರೆಂದು ಅಮ್ಮ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅತ್ತೆ ಲಾರಿ ಡ್ರೈವರಿಗೆ ನಿಧಾನವಾಗಿ ಹೋಗೆಂದು ಬೈಯುತ್ತಿದ್ದರು. ಎರಡನ್ನೂ ಒಟ್ಟಿಗೇ ಮಾಡಿರಲೂಬಹುದು.

ಹೊಸ ಮನೆಯ ಮೊದಲ ಬೆಳಿಗ್ಗೆ ಮಾವ ಗೇಟಿನಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟು ನನ್ನನ್ನು ಕರೆದು ಘೋಷಿಸಿದರು: "ನೋಡಮ್ಮ, ಇಲ್ಲಿ ಒಂದು ನರಪಿಳ್ಳೆ ಇಲ್ಲ. ಮೊದಲನೇ ಮನುಷ್ಯ ನಾನೇ!"

ಕಾಂಪೌಂಡಿನ ಆಚೆ ಕುರಿ ಕಾಯುತ್ತಿದ್ದ ಪುಟ್ಟೇನಹಳ್ಳಿಯ ಮುದುಕನೊಬ್ಬ ತಲೆ ಎತ್ತಿದ.

"ಹಂಗಾರೆ ನಾನ್ಯಾರು ಸ್ವಾಮಿ?"

ಮಾವ ಸೊಂಟದಿಂದ ಕೈ ತೆಗೆದರು. ಮುದುಕನೇ ಸಮಾಧಾನ ಹೇಳಿದ: "ಹೋಗ್ಲಿ ಬುಡಿ. ಹೊಸಬ್ರು. ಒಸಿ ದಿನ ಹೋದ್ರೆ ಕಣ್ಣು ಕಾಣ್ತದೆ."

ಇದೆಲ್ಲ ತಮಾಷೆ. ತಮಾಷೆಯಲ್ಲದ್ದು ಹೊಗೆಯ ನಿಯಮ. ಪುಸ್ತಕದ ಆ ಮಹಾನುಭಾವನಿಗೆ ನೆರೆಹೊರೆಯೆಂದರೆ ಆಗದು. ದೂರದಲ್ಲಿ ಇನ್ನೊಂದು ಮನೆಯ ಹೊಗೆ ಕಾಣಿಸಿತೋ, ಜನ ಜಾಸ್ತಿಯಾಯಿತೆಂದು ಗಾಡಿ ಕಟ್ಟಿ ಮತ್ತೂ ಪಶ್ಚಿಮಕ್ಕೆ ಹೊರಟುಬಿಡುತ್ತಿದ್ದ. ಹೀಗೆ ಎಷ್ಟೋ ಸಲ ಮನೆ ಬದಲಿಸಿದನಂತೆ. ಇದನ್ನು ಊಟಕ್ಕೆ ಕುಳಿತಾಗೆಲ್ಲ ಮಾವ ಹೇಳುತ್ತಿದ್ದರು.

"ನಾನೂ ಅಷ್ಟೆ. ಪಕ್ಕದ ಮನೆ ಒಲೆ ಹೊಗೆ ಕಂಡ ದಿನ ಇಲ್ಲಿರಲ್ಲ. ಉತ್ತರಹಳ್ಳಿ ಕಡೆ ಹೋಗ್ಬಿಡ್ತೀನಿ."

"ಅದಕ್ಕೆ ಅವನ ಹೆಂಡ್ತಿ ಏನಂದ್ಲಂತೆ?" ಅತ್ತೆಯ ಪ್ರಶ್ನೆ ಯಾವಾಗಲೂ ಇದೊಂದೇ.

"ಅದು ಪುಸ್ತಕದಲ್ಲಿಲ್ಲ."

"ಏಳು ಮಕ್ಕಳ್ನ ಹೆತ್ತೋಳು ಬಾಯೇ ಬಿಡ್ಲಿಲ್ವೇನ್ರಿ?"

"ಬಿಟ್ಟಿರ್ತಾಳೆ. ಬರೆದೋನು ಕೇಳಿಸ್ಕೊಂಡಿಲ್ಲ."

ಅತ್ತೆಯ ಕಷ್ಟ ಏನೆಂದು ನನಗೆ ಅರ್ಥವಾದದ್ದು ಹೆಪ್ಪಿನ ದಿನ. ಬೆಕ್ಕು ನುಗ್ಗಿ ಮೊಸರಿನ ಪಾತ್ರೆಯನ್ನು ನೆಕ್ಕಿ ಫಳಫಳ ಮಾಡಿತ್ತು. ಹಾಲು ಕಾದಿದೆ, ಹೆಪ್ಪು ಹಾಕಲು ಒಂದು ಚಮಚ ಮೊಸರಿಲ್ಲ. ವಠಾರದಲ್ಲಾಗಿದ್ದರೆ ಬಟ್ಟಲು ಹಿಡಿದು ಪಕ್ಕದ ಬಾಗಿಲಿಗೆ ಹೋದರಾಯಿತು. ಹೋದ ಕೆಲಸ ಚಮಚದಷ್ಟು, ಮಾತು ಕೊಳಗದಷ್ಟು! ಇಲ್ಲಿ ಪಕ್ಕದ ಬಾಗಿಲೆಂದರೆ ಲಂಟಾನ.

"ಅವನು ಎಲ್ಲಾ ತಾನೇ ಮಾಡ್ಕೋತಿದ್ದ" ಎನ್ನುತ್ತ ಮಾವ ಅಡಿಗೆಮನೆಗೆ ನುಗ್ಗಿದರು. ಹಾಲಿಗೆ ಹುಣಸೆಹಣ್ಣು ಹಿಂಡಿದರು. ಹಾಲು ಒಡೆದು ಚೂರುಚೂರಾಯಿತು.

ಅತ್ತೆ ಸಿಡುಕಲಿಲ್ಲ. ಪಾತ್ರೆಯನ್ನೇ ನೋಡುತ್ತ ಅಂದರು: "ಹೆಪ್ಪು ಮಾಡೋದಲ್ಲ ರೀ, ಕೇಳಿ ತರೋದು. ಕೇಳೋಕೆ ಯಾರಾದ್ರೂ ಇರ್ಬೇಕು."

ಅಂದು ಮಾವ ಚೊಂಬು ಹಿಡಿದು ಜಯನಗರದವರೆಗೆ ನಡೆದು ಹೆಪ್ಪು ತಂದರು. ಬರುವ ಹೊತ್ತಿಗೆ ಅದು ಕುಲುಕಾಡಿ ಮಜ್ಜಿಗೆಯಾಗಿತ್ತು. ಊಟಕ್ಕೆ ಕುಳಿತಾಗ ಮೊದಲ ಸಲ ಪುಸ್ತಕದ ಮಾತು ಬರಲಿಲ್ಲ.

ಆಮೇಲೆ ಮಾವನಿಗೆ ಹೊಸ ಹುಚ್ಚು ಹತ್ತಿತು. ಭಾನುವಾರ ಬಂತೆಂದರೆ ಟೋಪಿ ಹಾಕಿಕೊಂಡು, ಛತ್ರಿ ಹಿಡಿದು, "ಉತ್ತರಹಳ್ಳಿ ಕಡೆ ಸೈಟ್ ನೋಡ್ಬರ್ತೀನಿ" ಎಂದು ಹೊರಟುಬಿಡುತ್ತಿದ್ದರು. ಸಂಜೆಗೆ ಬಂದರೆ ಬಾಯಿ ಬಿಡುತ್ತಿರಲಿಲ್ಲ. ಅತ್ತೆಯ ಮುಖ ವಾರಕ್ಕೊಂದು ಸಲ ಇಳಿಯುತ್ತಿತ್ತು.

ಅಷ್ಟರಲ್ಲಿ ಪಕ್ಕದ ಸೈಟಿನಲ್ಲಿ ಪಾಯ ತೋಡಿದರು! ಬೇರೆ ಯಾರಾದರೂ ಆಗಿದ್ದರೆ ಪಾಯಸ ಮಾಡುತ್ತಿದ್ದರು. ಅತ್ತೆಗೆ ಕುಣಿಯಬೇಕೋ ಅಳಬೇಕೋ ತಿಳಿಯದಾಯಿತು. ನೆರೆಮನೆ ಬೇಕು, ಆದರೆ ನೆರೆಮನೆ ಬಂದರೆ ತಾವಿರುವುದಿಲ್ಲ. ಗೋಡೆ ಒಂದೊಂದು ಇಟ್ಟಿಗೆ ವರಸೆ ಏರಿದಾಗಲೂ ಕಿಟಕಿಯಿಂದ ನೋಡಿ, ಕಿಟಕಿ ಮುಚ್ಚುತ್ತಿದ್ದರು. ತವರಿನಿಂದ ತಂದ ಕರಿಬೇವಿನ ಸಸಿಯನ್ನು ಹಿತ್ತಲಲ್ಲಿ ನೆಡಲಿಲ್ಲ. ಡಾಲ್ಡಾ ಡಬ್ಬದಲ್ಲೇ ಇಟ್ಟರು.

"ಯಾಕತ್ತೆ, ನೆಲಕ್ಕೆ ಹಾಕಲ್ವ?"

"ಡಬ್ಬದಲ್ಲಿದ್ರೆ ಎತ್ಕೊಂಡು ಹೋಗೋಕೆ ಸುಲಭ ಕಣೆ."

ವಿಚಿತ್ರವೆಂದರೆ, ಆ ಮನೆಗೆ ನೀರು ನಮ್ಮ ಬಾವಿಯದೇ! ಮಾವ ತಾವೇ ನಿಂತು ಸೇದಿಸುತ್ತಿದ್ದರು, ಮೇಸ್ತ್ರಿಯ ಮೇಲೆ ರೇಗುತ್ತಿದ್ದರು. ಕೇಳಿದರೆ, "ಕೆಲಸದೋರಿಗೆ ನೀರು ಇಲ್ಲ ಅನ್ನೋಕಾಗುತ್ತಾ? ನೀರು ಬೇರೆ, ಹೊಗೆ ಬೇರೆ" ಎಂದು ಸಿಡುಕುತ್ತಿದ್ದರು.

ಆ ಬೇಸಿಗೆಯಲ್ಲಿ ಮನೆ ಮುಗಿಯಿತು. ಒಂದು ಸಂಜೆ ಸಾಮಾನು ಬಂದು ಇಳಿಯಿತು. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹಿತ್ತಲಿಗೆ ಹೋದರೆ, ಪಕ್ಕದ ಹೆಂಚಿನ ಅಡಿಗೆಮನೆಯ ಮೇಲೆ ನೆಟ್ಟಗೆ, ದಪ್ಪಗೆ, ನೀಲಿ ಹೊಗೆ. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ, ಸೌದೆ ಒಲೆಯೇ ಎಲ್ಲರಿಗೂ.

ಮಾವನೂ ನೋಡಿದರು. ಹಿಂದೆಯೇ ಬಂದ ಅತ್ತೆಯ ಮುಖ, ನನ್ನ ಮುಖ ಎರಡನ್ನೂ ನೋಡಿದರು. ಟೋಪಿ ಹಾಕಿಕೊಂಡು, "ಉತ್ತರಹಳ್ಳಿ ಕಡೆ ಹೋಗ್ಬರ್ತೀನಿ" ಎಂದವರೇ ಗೇಟು ದಾಟಿದರು. ಭಾನುವಾರವೂ ಅಲ್ಲ!

ಅಟ್ಟದಿಂದ ಟ್ರಂಕು ಇಳಿಸಿಕೊಡೆಂದು ಅತ್ತೆ ನನಗೆ ಹೇಳಿದರು. ಇಳಿಸಿದೆ. ಅವರು ದೇವರ ಪಟಕ್ಕೆ ಸೀರೆ ಸುತ್ತುತ್ತಿದ್ದಾಗ ಬಾಗಿಲಲ್ಲಿ ದನಿ ಕೇಳಿಸಿತು.

"ರೀ, ಇದ್ದೀರಾ? ಪಕ್ಕದ ಮನೆಯೋಳು. ಒಂಚೂರು ಹೆಪ್ಪು ಇದ್ರೆ ಕೊಡ್ತೀರಾ?"

ನಮ್ಮ ಅತ್ತೆಯ ವಯಸ್ಸಿನ, ದುಂಡುಮುಖದ ಹೆಂಗಸು. ಕೈಯಲ್ಲಿ ಬಟ್ಟಲು. ಒಳಗೆ ಬಂದು ಕೂತು ಮಾತಿಗೆ ಶುರುಮಾಡಿದರು.

"ನಮ್ಮನೆಯೋರು ಈಗ್ಲೇ ಕಟ್ಟೋದು ಬೇಡ, ಇನ್ನೂ ಕಾಡು ಅಲ್ಲಿ ಅಂತಿದ್ರು. ನಿಮ್ಮ ಯಜಮಾನ್ರು ಬಿಡ್ಬೇಕಲ್ಲ! ಅದೆಲ್ಲಿಂದ ವಿಳಾಸ ಹುಡುಕಿದ್ರೋ, ಭಾನುವಾರ ಆದ್ರೆ ಚಾಮರಾಜಪೇಟೆ ನಮ್ಮನೇಲೇ. ಟೋಪಿ ತೆಗೆದು ಕೂತ್ಕೊಳೋರು. ಬೇಗ ಕಟ್ಟಿ, ನೀರು ನಾನ್ ಕೊಡ್ತೀನಿ, ಮೇಸ್ತ್ರಿನ ನಾನ್ ನೋಡ್ಕೋತೀನಿ ಅನ್ನೋರು. ನಮ್ಮನೇಲಿ ಅವಳಿಗೆ ಮಾತಾಡೋಕೆ ಯಾರೂ ಇಲ್ಲ, ಹೆಪ್ಪು ಕೇಳೋಕೂ ಯಾರಿಲ್ಲ ಅನ್ನೋರು."

ಅತ್ತೆ ಹಿಡಿದಿದ್ದ ಚಮಚ ಬಿಟ್ಟು, ಮೊಸರಿನ ಪಾತ್ರೆಯನ್ನೇ ಬಟ್ಟಲಿಗೆ ಬಗ್ಗಿಸಿದರು.

"ಅಯ್ಯೋ, ಸಾಕು ಸಾಕು! ನಿಮಗೆ?"

"ನಾಳೆ ನಾನು ಬಂದು ಕೇಳ್ತೀನಿ" ಎಂದರು ಅತ್ತೆ.

ಆಕೆ ಹೋದ ಮೇಲೆ ನನ್ನ ಕಡೆ ತಿರುಗಿದರು. "ಟ್ರಂಕು ಮೇಲಕ್ಕಿಡು. ನಿಮ್ಮ ಮಾವನಿಗೆ ಒಂದು ಮಾತೂ ಹೇಳ್ಬೇಡ."

ಮಾವ ಬಂದದ್ದು ನಡುಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿನಲ್ಲಿ. ಚಪ್ಪಲಿಗೆ ನಮ್ಮ ಪುಟ್ಟೇನಹಳ್ಳಿ ಕೆರೆಯ ಕೆಸರು ಮೆತ್ತಿತ್ತು. ಆ ಬೇಸಿಗೆಯಲ್ಲಿ ಉತ್ತರಹಳ್ಳಿ ದಾರಿಯಲ್ಲಿ ಕೆಸರೆಲ್ಲಿಂದ ಬರಬೇಕು? ಹಿತ್ತಲಿಗೆ ಕಾಲು ತೊಳೆಯಲು ಹೋದವರು ಅಲ್ಲೇ ನಿಂತುಬಿಟ್ಟರು. ಕರಿಬೇವಿನ ಸಸಿ ನೆಲದಲ್ಲಿತ್ತು. ಸುತ್ತ ಪಾತಿ, ಪಾತಿಯಲ್ಲಿ ಇನ್ನೂ ಇಂಗದ ನೀರು.

ಊಟಕ್ಕೆ ಬಂದು ಕುಳಿತರು. ಕಿಟಕಿ ತೆರೆದೇ ಇತ್ತು, ಆಚೆ ಹೊಗೆ ಏಳುತ್ತಲೇ ಇತ್ತು. ಅತ್ತೆ ಬಡಿಸುತ್ತ ಕೇಳಿದರು, "ಸೈಟ್ ಹೆಂಗಿತ್ತು?"

"ಅಲ್ಲಿ ಆಗ್ಲೇ ಜನ ಜಾಸ್ತಿ." ಮಾವ ಅನ್ನ ಕಲಸಿದರು. ಕಿಟಕಿಯ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು. "ಮತ್ತೆ... ಬೆಳಿಗ್ಗೆ ನೋಡಿದ್ವಲ್ಲ, ಅದು ಹೊಗೆ ಅಲ್ಲ ಕಣೆ. ಮಂಜು."

ನನಗೆ ನಗು ಉಕ್ಕಿ ಬಂತು. ಅತ್ತೆ ಕಣ್ಣಿನಲ್ಲೇ ತಡೆದರು. ಸೆರಗಿನಿಂದ ಮಾವನ ನೆತ್ತಿಯ ಬೆವರು ಒರೆಸಿ, ಕಿಟಕಿಯಾಚೆ ಒಮ್ಮೆ ಚೆನ್ನಾಗಿ ನೋಡಿ ಹೇಳಿದರು:

"ಹೌದು ರೀ. ಮಂಜೇ."