ಕೆಂಪು ಕೊಡೆಯ ಹಿಂದೆ

ಅತ್ತೆ ಕೊಟ್ಟದ್ದನ್ನು ಬೇಡ ಅನ್ನಲಾಗದ ದಾಕ್ಷಿಣ್ಯವೇ ಎಲ್ಲಕ್ಕೂ ಮೂಲ. ಮಾವನ ಮನೆಯವರೂ ಅವರ ಬೀದಿಯವರೂ ಕೂಡಿ ಕಡಲತಡಿಯ ಪಟ್ಟಣ ನೋಡಲು ಹೊರಟ ಬಸ್ಸಿನಲ್ಲಿ ಹೊಸ ಅಳಿಯ ಲೋಟದ ಮೇಲೆ ಲೋಟ ಶರಬತ್ತು ಕುಡಿದಿದ್ದ. ಈಗ ಅವನ ಹೊಟ್ಟೆಯೊಳಗೇ ಒಂದು ಕಡಲು. ತುರ್ತಾಗಿ ಒಂದಕ್ಕೆ ಹೋಗಬೇಕಿತ್ತು.

ಬಸ್ಸಿಳಿದು ಮೆಲ್ಲಗೆ ಜಾರಿಕೊಳ್ಳೋಣ ಅನ್ನುವಷ್ಟರಲ್ಲಿ, ಪ್ರವಾಸದ ಯಜಮಾನಿಕೆ ಹೊತ್ತಿದ್ದ ಹೆಂಡತಿಯ ಅಣ್ಣನ ಚಪ್ಪಲಿ ಕಿತ್ತುಹೋಯಿತು.

“ಭಾವ, ಈ ಕೊಡೆ ಹಿಡ್ಕೊಂಡು ಮುಂದೆ ನಡೀರಿ, ಚಪ್ಪಲಿ ಹೊಲಿಸ್ಕೊಂಡು ಬರ್ತೀನಿ. ಕೆಂಪು ಕೊಡೆ ಹೋದ ಕಡೆ ಹೋಗಿ ಅಂತ ಎಲ್ಲರಿಗೂ ತಾಕೀತು ಮಾಡಿದೀನಿ. ಒಬ್ಬರೂ ತಪ್ಪಿಸ್ಕೋಬಾರದು!”

ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಅದೇ ಗ್ರಹಚಾರ. ಅಳಿಯ ಹೋಟೆಲಿನ ಹಿಂಬಾಗಿಲಿಗೆ ನುಗ್ಗಿದರೆ ಅತ್ತೆ, ಮಾವ, ಹೆಂಡತಿಯ ಅಜ್ಜಿ, ಬೀದಿಯ ಅಷ್ಟೂ ಮನೆಯವರು ಸಾಲಾಗಿ ನುಗ್ಗಿದರು. ಅಡುಗೆಯವನು ಸೌಟು ಹಿಡಿದು ಬೆಪ್ಪಾಗಿ ನಿಂತ. ಪಕ್ಕದ ಮನೆಯ ಮೇಷ್ಟ್ರು ಅವನ ಫೋಟೋ ಹೊಡೆದುಕೊಂಡರು. ಗೋಡೆಯ ಸಂದಿಗೆ ತಿರುಗಿದರೆ ಅಲ್ಲಿಗೂ ಬಂದು ಗೋಡೆಯನ್ನೇ ಭಕ್ತಿಯಿಂದ ನೋಡಿದರು.

“ಇದನ್ನ ಯಾರು ಕಟ್ಸಿದ್ದು, ಅಳಿಯಂದ್ರೇ?” ಮಾವ ಕೇಳಿದರು.

“ಯಾರೋ ಪುಣ್ಯಾತ್ಮರು,” ಎಂದು ಅಳಿಯ ಕಾಲು ಹೆಣೆದುಕೊಂಡು ನಿಂತ.

ಬಾಯಿಬಿಟ್ಟು ಹೇಳಿದರೆ ಮುಗಿಯುತ್ತಿತ್ತು. ಮಾವನ ಮನೆಯವರೆದುರು ಹೇಳುವುದು ಹೇಗೆ? ಹೇಳದಿದ್ದರೆ ಮಾನ ಪೂರ್ತಿ ಹೋಗುವ ಹೊತ್ತು ಹತ್ತಿರವಾಗುತ್ತಿತ್ತು. ನಡಿಗೆ ಓಟವಾಯಿತು. ಬಂದರು, ದೀಪಸ್ತಂಭ, ಅರಮನೆ ಎಲ್ಲ ಹಿಂದೆ ಬಿದ್ದವು. “ರೀ, ಸ್ವಲ್ಪ ನಿಧಾನ!” ಎಂದು ಹೆಂಡತಿ ಏದುಸಿರು ಬಿಡುತ್ತಾ ಕೂಗಿದಳು.

ಕೊನೆಗೂ ಕಡಲದಂಡೆಯ ತುದಿಯಲ್ಲಿ ಒಂದೇ ಬಾಗಿಲಿನ ಪುಟ್ಟ ಶೌಚಾಲಯ ಕಂಡಿತು. ಮಾನ ಹೋದರೆ ಹೋಗಲಿ ಎಂದು ಅಳಿಯ ತಿರುಗಿ ನಿಂತ. “ತಪ್ಪು ತಿಳ್ಕೋಬೇಡಿ. ನಿಮ್ಮನ್ನೆಲ್ಲ ಇದಕ್ಕೋಸ್ಕರಾನೇ ಓಡಿಸ್ಕೊಂಡು ಬಂದೆ.”

ಯಾರೂ ನಗಲಿಲ್ಲ. ಅತ್ತೆಯ ಕಣ್ಣಲ್ಲಿ ನೀರಾಡಿತು. “ಬೆಳಿಗ್ಗೆಯಿಂದ ಹೇಳೋಕೆ ನಾಚ್ಕೊಂಡು ಎಲ್ರೂ ಒದ್ದಾಡ್ತಿದ್ವಿ. ನಮ್ಮ ಕಷ್ಟ ನಿಮಗೊಬ್ಬರಿಗೇ ಅರ್ಥ ಆಯ್ತು ನೋಡಿ!”

ಅಬ್ಬಾ! ಅಳಿಯನ ಎದೆಯ ಭಾರ ಇಳಿಯಿತು. ಇನ್ನೇತರ ನಾಚಿಕೆ ಎಂದು ನಗುತ್ತಾ ಬಾಗಿಲತ್ತ ತಿರುಗುವಷ್ಟರಲ್ಲಿ ಅಜ್ಜಿ ಒಳಹೊಕ್ಕು ಅಗುಳಿ ಹಾಕಿಯಾಗಿತ್ತು. ಹಿಂದೆಯೇ ಅತ್ತೆ, ಮಾವ, ಮೇಷ್ಟ್ರು, ಇಡೀ ಬೀದಿ ಸಾಲು ನಿಂತಿತ್ತು. ಎಲ್ಲರ ಕೈಚೀಲಗಳೂ ಅಳಿಯನ ತೋಳು ಸೇರಿದವು.

ಒಬ್ಬೊಬ್ಬರೂ ಹಗುರಾಗಿ, ಮುಖ ಅರಳಿಸಿಕೊಂಡು ಹೊರಬಂದು ಅವನನ್ನು ಹರಸಿದರು. ಕಟ್ಟಕಡೆಗೆ ಅಳಿಯ ಹೊಸ್ತಿಲಿಗೆ ಕಾಲಿಟ್ಟಾಗ ಮಾವ ಅಕ್ಕರೆಯಿಂದ ಭುಜ ಹಿಡಿದು ತಿರುಗಿಸಿದರು.

“ನೀರು ಖಾಲಿಯಂತೆ, ಕಾವಲಿನವನು ಬೀಗ ಹಾಕ್ತಿದಾನೆ. ನಡೀರಿ ಅಳಿಯಂದ್ರೇ, ಇನ್ನೇನು ಅವಸರ? ಆ ಅರಮನೇನ ಈಗ ನಿಧಾನವಾಗಿ ತೋರ್ಸಿ.”